ಅಮೇರಿಕೆಯ ಗುಲಾಮಗಿರಿಯ ಜಗಳವೂ ನಮ್ಮ ಧಾರವಾಡದ ಹತ್ತಿಯೂ

ಧಾರವಾಡ, ಹುಬ್ಬಳ್ಳಿ, ಗದಗಿನ ಕಡೆಯಿಂದ ಪುಣೆಗೆ ಬಂದು ನೆಲೆಸಿದ ನಮ್ಮ ಹಿರಿಯರಿಗೆ ಜವಾರಿ ಹತ್ತಿ, ವಿಲಾಯತಿ ಹತ್ತಿ ಎಂಬ ಎರಡು ಮಾತುಗಳು ಹೊಸವಲ್ಲ. ಜವಾರಿ ಎಂದರೆ ನಮ್ಮ ಎರೆಹೊಲಗಳಲ್ಲಿ ತಲೆತಲಾಂತರದಿಂದ ಬೆಳೆದುಬಂದದ್ದು. ಮುಂಬಯಿ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದು ಹೆಸರು. ಏಕೆಂದರೆ ಅದು ಘಟ್ಟವಿಳಿದು ಕುಮಟೆಯ ಬಂದರದಲ್ಲಿ ಹಡಗು ಹತ್ತುತ್ತಿತ್ತು. ಎರಡನೆಯದನ್ನು ನಮ್ಮ ಜನ ವಿಲಾಯತಿ ಎಂದು ಕರೆದರೂ ಅದು ಇಂಗ್ಲಂಡಿನದಲ್ಲ. ಅದರ ಬೀಜ ಬಂದದ್ದು ಅಮೇರಿಕೆಯ ನ್ಯೂ ಆರ್ಲಿಯನ್ಸಿನಿಂದ. ಆ ನಾಡಿನಲ್ಲಿ ಅದೇ ಬೀಜವನ್ನು ಬಿತ್ತಿ, ಕಳೆ ತೆಗೆದು, ಹತ್ತಿ ಬಿಡಿಸುತ್ತಿದ್ದವರು ಸಂತೆಯಲ್ಲಿ ದನಗಳಂತೆ ಕೊಂಡುತಂದ ಗುಲಾಮರು.

ಅಮೇರಿಕೆಯ ಜನರು ಈ ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರ ದಕ್ಷಿಣಗಳೆಂದು ಒಡೆದು, ೧೮೬೧ರಿಂದ ೧೮೬೫ರ ವರೆಗೆ ಅಣ್ಣತಮ್ಮಂದಿರು ಕಾದಿದಂತೆ ಕಾದಿದರು. ಅದು ಶಾಲೆಯ ಪುಸ್ತಕದಲ್ಲಿ ಒಂದು ಪುಟದ ಸಂಗತಿ. ಆದರೆ ಆ ಜಗಳದ ಒಂದು ಎಳೆಯನ್ನು ಹಿಡಿದು ಹೊರಟರೆ ಅದು ಹುಬ್ಬಳ್ಳಿಯ ಹೊಲಕ್ಕೆ, ಕಾರವಾರದ ಬಂದರಕ್ಕೆ, ಮುಂಬಯಿಯ ಬ್ಯಾಂಕಿಗೆ, ಕಡೆಗೆ ನಾವು ದಿನವೂ ಓಡಾಡುವ ಈ ಪುಣೆಗೇ ಬಂದು ಮುಟ್ಟುತ್ತದೆ. ರಾಜ್ಯೋತ್ಸವದ ಸಂಚಿಕೆಯಲ್ಲಿ ಅಮೇರಿಕೆಯ ಮಾತೇಕೆಂದು ವಾಚಕರು ಕೇಳಬಹುದು. ಕಡೆಯವರೆಗೆ ಓದಿದರೆ ಕಾರಣ ತಾನಾಗಿ ತಿಳಿದೀತು.

ಒಂದೇ ಮನೆ, ಎರಡು ಒಲೆ

ಅಮೇರಿಕೆಯ ಸಂಯುಕ್ತ ಸಂಸ್ಥಾನಗಳು ೧೭೮೭ರಲ್ಲಿ ತಮ್ಮ ರಾಜ್ಯಘಟನೆಯನ್ನು ಬರೆದುಕೊಂಡವು. ಎಲ್ಲ ಮನುಷ್ಯರೂ ಸಮಾನರೆಂದು ಹನ್ನೊಂದು ವರ್ಷ ಮೊದಲೇ ಸಾರಿದ್ದ ಜನ ಅವರು. ಆದರೆ ಗುಲಾಮರನ್ನು ಏನೆಂದು ಎಣಿಸಬೇಕೆಂಬ ಪ್ರಶ್ನೆ ಬಂದಾಗ ಅಲ್ಲಿಯೂ ಒಂದು ರಾಜಿಯಾಯಿತು. ಲೋಕಸಭೆಯ ಸ್ಥಾನಗಳ ಲೆಕ್ಕಕ್ಕೆ ಐದು ಜನ ಗುಲಾಮರನ್ನು ಮೂರು ಜನರೆಂದು ಹಿಡಿಯತಕ್ಕದ್ದು. ಮತವಂತೂ ಅವರಿಗಿಲ್ಲ, ಅವರ ತಲೆಯೆಣಿಕೆಯಿಂದ ಬಲ ಹೆಚ್ಚುವುದು ಅವರ ಯಜಮಾನರಿಗೆ. ಮೊದಲನೆಯ ಪುಟದಲ್ಲಿಯೇ ತಪ್ಪು ಜಮೆ ಬಿದ್ದ ಖಾತೆ ಕಡೆಯವರೆಗೂ ತಾಳೆಯಾಗಲಾರದು.

ಗುಲಾಮಗಿರಿಯು ಕಾಲಕ್ರಮದಲ್ಲಿ ತಾನೇ ಸತ್ತೀತೆಂದು ಆಗಿನ ಅನೇಕರು ನಂಬಿದ್ದರು. ೧೮೦೮ರಿಂದ ಹೊರಗಿನಿಂದ ಹೊಸ ಗುಲಾಮರನ್ನು ತರುವುದನ್ನು ಕಾನೂನು ನಿಲ್ಲಿಸಿತು. ಆದರೆ ಅಷ್ಟರಲ್ಲಿ ಒಂದು ಯಂತ್ರ ಬಂದಿತ್ತು. ೧೭೯೩ರಲ್ಲಿ ಎಲೈ ವಿಟ್ನಿ ಎಂಬವನು ಹತ್ತಿಕಾಳನ್ನು ಬೇರೆ ಮಾಡುವ ಜಿನ್ನು ಯಂತ್ರವನ್ನು ಕಟ್ಟಿದನು. ಅರಳೆಗೆ ಕಾಳು ಅಂಟಿಕೊಂಡಿರುವ ಆ ಹತ್ತಿಯನ್ನು ಕೈಯಿಂದ ಬಿಡಿಸುವುದು ದಿನಗಟ್ಟಲೆಯ ಕೆಲಸವಾಗಿತ್ತು; ಈಗ ಅದು ಗಳಿಗೆಯ ಕೆಲಸವಾಯಿತು. ಇಂಗ್ಲಂಡಿನ ಲ್ಯಾಂಕಾಶಾಯರದ ಗಿರಣಿಗಳು ಎಷ್ಟು ಹತ್ತಿ ಬಂದರೂ ಸಾಲದೆನ್ನುತ್ತಿದ್ದವು. ಯಂತ್ರವು ಕಾಳನ್ನು ಬಿಡಿಸಬಲ್ಲುದು, ಗಿಡದಿಂದ ಹತ್ತಿಯನ್ನು ಬಿಡಿಸಲಾರದು. ಅದಕ್ಕೆ ಮನುಷ್ಯರ ಕೈ ಬೇಕು. ಹೀಗೆ ದುಡಿತ ಕಡಿಮೆ ಮಾಡಲು ಹುಟ್ಟಿದ ಯಂತ್ರವೇ ಗುಲಾಮಗಿರಿಯ ಆಯುಷ್ಯವನ್ನು ಬೆಳೆಸಿತು. ೧೮೬೦ರ ಜನಗಣತಿಯ ಹೊತ್ತಿಗೆ ಮೂರು ಕೋಟಿ ಹದಿನಾಲ್ಕು ಲಕ್ಷ ಜನರಲ್ಲಿ ಸುಮಾರು ೩೯ ಲಕ್ಷ ೫೦ ಸಾವಿರ ಜನರು ಗುಲಾಮರಾಗಿದ್ದರು. ಆ ದೇಶ ಹೊರಗೆ ಮಾರುತ್ತಿದ್ದ ಸರಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯೇ ಆಗಿತ್ತು.

ಇಲ್ಲಿ ಬ್ಯಾಂಕಿನ ಗುಮಾಸ್ತನಾದ ನನ್ನನ್ನು ಬಹಳ ಕಾಡಿದ ಸಂಗತಿಯೊಂದನ್ನು ಹೇಳಬೇಕು. ದಕ್ಷಿಣದ ಜಮೀನುದಾರನ ಬಂಡವಾಳವೆಲ್ಲ ಭೂಮಿಯಲ್ಲಿಯೂ ಗುಲಾಮರಲ್ಲಿಯೂ ಇತ್ತು. ಅವನಿಗೆ ಸಾಲ ಬೇಕಾದಾಗ ಲೂಯಿಸಿಯಾನದಂಥ ಪ್ರಾಂತಗಳ ಬ್ಯಾಂಕುಗಳು ಗುಲಾಮರನ್ನೇ ಅಡವು ಹಿಡಿದು ಸಾಲ ಕೊಡುತ್ತಿದ್ದವು. ನಾವು ಇಂದು ಚಿನ್ನದ ಸರದ ತೂಕ ಬರೆದುಕೊಳ್ಳುವಂತೆ ಅಲ್ಲಿ ಮನುಷ್ಯನ ಹೆಸರು, ವಯಸ್ಸು, ಬೆಲೆ ಬರೆದಿಡುತ್ತಿದ್ದರು. ಬರೆದವನು ಚಾಟಿ ಹಿಡಿದವನಲ್ಲ. ನನ್ನಂಥ ಒಬ್ಬ ಗುಮಾಸ್ತ. ಅಕ್ಷರ ದುಂಡಗೆ ಬರುತ್ತದೆಂದು ಮೇಲಿನವರಿಂದ ಶಹಬಾಸ್ ಅನ್ನಿಸಿಕೊಂಡಿದ್ದರೂ ಇರಬಹುದು. ಉತ್ತರದವರ ಕೈಯೂ ಶುದ್ಧವಾಗಿರಲಿಲ್ಲ. ನ್ಯೂಯಾರ್ಕಿನ ಹಡಗುಗಳೂ ವಿಮಾ ಕಂಪನಿಗಳೂ ಹತ್ತಿಯ ಬೆನ್ನಿನ ಮೇಲೆಯೇ ಬೆಳೆದಿದ್ದವು. ಪಾಪವು ದಕ್ಷಿಣದ ಹೊಲದಲ್ಲಿ ಕಣ್ಣಿಗೆ ಕಾಣುತ್ತಿತ್ತು. ಅದರ ಲಾಭವು ಉತ್ತರದ ತಿಜೋರಿಯಲ್ಲಿ ಕಾಣದೆ ಕುಳಿತಿತ್ತು.

ಕಾಗದ ಬದಲಿಸಿದ ಸಾಲ

ಅಮೇರಿಕೆಯ ಹಿರಿಯ ಸದನದಲ್ಲಿ ಪ್ರತಿ ಸಂಸ್ಥಾನಕ್ಕೂ ಎರಡೇ ಸ್ಥಾನ. ಆದ್ದರಿಂದ ಪಶ್ಚಿಮದ ಕಡೆ ಹೊಸ ಸಂಸ್ಥಾನ ಹುಟ್ಟಿದಾಗಲೆಲ್ಲ ಅದು ಗುಲಾಮಗಿರಿಯುಳ್ಳದ್ದೋ ಇಲ್ಲದ್ದೋ ಎಂಬ ಜಗಳವೇಳುತ್ತಿತ್ತು. ೧೮೨೦ರಲ್ಲಿ ಮಿಸ್ಸೂರಿಯನ್ನು ಒಂದು ಕಡೆಗೂ ಮೇನನ್ನು ಇನ್ನೊಂದು ಕಡೆಗೂ ಸೇರಿಸಿ ತಕ್ಕಡಿಯನ್ನು ಸಮ ಮಾಡಿದರು. ಪಶ್ಚಿಮದ ಉಳಿದ ಸೀಮೆಯಲ್ಲಿ ೩೬ ಅಂಶ ೩೦ ಕಲೆಯ ಅಕ್ಷಾಂಶದಿಂದ ಮೇಲೆ ಗುಲಾಮಗಿರಿ ಕೂಡದೆಂದು ನಕಾಶೆಯ ಮೇಲೆ ಗೆರೆ ಎಳೆದರು. ಮೆಕ್ಸಿಕೋದ ಮೇಲೆ ಯುದ್ಧ ಹೂಡಿ ೧೮೪೮ರಲ್ಲಿ ವಿಶಾಲವಾದ ಭೂಮಿ ಕೈಗೆ ಬಂದಾಗ ಹಳೆಯ ಗೆರೆ ಸಾಲದಾಯಿತು. ೧೮೫೦ರಲ್ಲಿ ಮತ್ತೊಂದು ರಾಜಿ: ಕ್ಯಾಲಿಫೋರ್ನಿಯಾ ಸ್ವತಂತ್ರ ಸಂಸ್ಥಾನವಾಗಲಿ, ಅದಕ್ಕೆ ಬದಲಾಗಿ ಓಡಿಹೋದ ಗುಲಾಮರನ್ನು ಹಿಡಿದುಕೊಡಲು ಉತ್ತರದವರೂ ಕೈಗೂಡಿಸಲಿ ಎಂದು.

ಈ ಕಡೆಯ ಶರತ್ತೇ ಉರಿಯುವ ಕೊಳ್ಳಿಗೆ ಎಣ್ಣೆಯಾಯಿತು. ಅಲ್ಲಿಯವರೆಗೆ ಗುಲಾಮಗಿರಿಯೆಂದರೆ ದೂರದ ಮಾತೆಂದು ಸುಮ್ಮನಿದ್ದ ಬೋಸ್ಟನ್ನಿನ ವರ್ತಕನು, ತನ್ನ ಬೀದಿಯಲ್ಲಿಯೇ ಒಬ್ಬ ಮನುಷ್ಯನಿಗೆ ಬೇಡಿ ಹಾಕಿ ಎಳೆದೊಯ್ಯುವುದನ್ನು ಕಣ್ಣಾರೆ ಕಂಡನು. ೧೮೫೨ರಲ್ಲಿ ಹ್ಯಾರಿಯಟ್ ಬೀಚರ್ ಸ್ಟೋ ಎಂಬ ಹೆಣ್ಣುಮಗಳು ಬರೆದ ಕಾದಂಬರಿ, ಟಾಮ್ ಮಾಮನ ಕಥೆ, ಮನೆಮನೆಯಲ್ಲಿ ಕಣ್ಣೀರು ತರಿಸಿತು. ೧೮೫೪ರಲ್ಲಿ ಹಳೆಯ ಗೆರೆಯನ್ನೇ ಅಳಿಸಿ, ಕಾನ್ಸಾಸ್ ಸೀಮೆಯ ಜನ ತಾವೇ ಮತ ಹಾಕಿ ತೀರ್ಮಾನಿಸಲಿ ಎಂದರು. ಮಾತು ಕೇಳಲು ನ್ಯಾಯವೇ. ಆದರೆ ಯಾರ ಬಾಳಿನ ತೀರ್ಮಾನವೋ ಅವರಿಗೆ ಮಾತ್ರ ಮತವಿಲ್ಲ. ಎರಡೂ ಕಡೆಯವರು ಬಂದೂಕು ಹಿಡಿದು ಅಲ್ಲಿಗೆ ನುಗ್ಗಿದರು, ಕಳ್ಳಮತಗಳು ಬಿದ್ದವು, ಊರುಗಳು ಸುಟ್ಟವು. ೧೮೫೬ರಲ್ಲಿ ಹಿರಿಯ ಸದನದಲ್ಲಿಯೇ ಚಾರ್ಲ್ಸ್ ಸಮ್ನರ್ ಎಂಬ ಸದಸ್ಯನನ್ನು ದಕ್ಷಿಣದ ಪ್ರತಿನಿಧಿಯೊಬ್ಬನು ಕೈಗೋಲಿನಿಂದ ರಕ್ತ ಬರುವಂತೆ ಹೊಡೆದನು. ಮುಂದಿನ ವರ್ಷ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ ವರಿಷ್ಠ ನ್ಯಾಯಾಲಯವು, ನೀಗ್ರೋ ಜನಾಂಗದವರು ಆ ದೇಶದ ನಾಗರಿಕರೇ ಆಗಲಾರರೆಂದು ತೀರ್ಪಿತ್ತಿತು.

ರಾಜ್ಯ ಒಡೆಯುವ ಮೊದಲು ಉಳಿದದ್ದೆಲ್ಲ ಒಡೆದಿತ್ತು. ೧೮೪೪ ಮತ್ತು ೧೮೪೫ರಲ್ಲಿ ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಮಠಗಳು ಉತ್ತರ ದಕ್ಷಿಣವೆಂದು ಬೇರೆಯಾದವು. ಹಳೆಯ ವ್ಹಿಗ್ ಪಕ್ಷ ಚೂರಾಯಿತು. ೧೮೬೦ರಲ್ಲಿ ಡೆಮಾಕ್ರಾಟ್ ಪಕ್ಷವೂ ಎರಡಾಯಿತು. ಒಂದೇ ದೇವರನ್ನು ಪೂಜಿಸುವವರು ಒಂದೇ ಗುಡಿಯಲ್ಲಿ ಕೂಡಿ ಕೂಡ್ರಲಾರದೆ ಹೋದರು. ಇಬ್ಭಾಗವಾದ ಮನೆ ನಿಲ್ಲಲಾರದೆಂಬ ಬೈಬಲಿನ ಮಾತನ್ನು ಲಿಂಕನ್ ೧೮೫೮ರಲ್ಲಿ ನೆನಪಿಸಿದ್ದನು. ೧೮೬೦ರ ನವಂಬರದಲ್ಲಿ ಅವನು ಅಧ್ಯಕ್ಷನಾಗಿ ಆರಿಸಿ ಬಂದಾಗ, ಇದ್ದಲ್ಲಿ ಗುಲಾಮಗಿರಿಯನ್ನು ಮುಟ್ಟುವುದಿಲ್ಲ, ಹೊಸ ಸೀಮೆಗೆ ಹಬ್ಬಗೊಡುವುದಿಲ್ಲ ಎಂದಷ್ಟೇ ಅವನ ನಿಲುವು. ಅಷ್ಟಕ್ಕೇ ದಕ್ಷಿಣ ಕ್ಯಾರೊಲಿನಾ ಡಿಸೆಂಬರ ೨೦ರಂದು ಒಕ್ಕೂಟವನ್ನು ಬಿಟ್ಟಿತು. ಅವನು ಅಧಿಕಾರ ವಹಿಸುವ ಮೊದಲೇ ಏಳು ಸಂಸ್ಥಾನಗಳು ಹೊರಗೆ ಹೋಗಿದ್ದವು. ಆಮೇಲೆ ಅವು ಹನ್ನೊಂದಾದವು. ೧೮೬೧ರ ಏಪ್ರಿಲ್ ೧೨ರಂದು ಸಮ್ಟರ್ ಕೋಟೆಯ ಮೇಲೆ ತೋಪು ಹಾರಿತು.

ಪುನಃ ಪುನಃ ರಾಜಿ ಮಾಡಿದವರು ಮೂರ್ಖರಾಗಿರಲಿಲ್ಲ. ದೇಶ ಉಳಿಯಲೆಂದೇ ಮಾಡಿದರು. ಆದರೆ ಅಸಲಿಗೆ ಒಂದು ಕಾಸನ್ನೂ ಕಟ್ಟದೆ ಪ್ರತಿ ಸಲ ಕಾಗದ ಮಾತ್ರ ಬದಲಿಸಿದರೆ ಸಾಲ ತೀರಿದಂತಲ್ಲ. ಎಪ್ಪತ್ತು ವರ್ಷದ ಚಕ್ರಬಡ್ಡಿಯನ್ನು ಕಡೆಗೆ ಆರು ಲಕ್ಷಕ್ಕೂ ಹೆಚ್ಚು ಜನರ ಪ್ರಾಣದಿಂದ ತೆರಬೇಕಾಯಿತು.

ಕುಸುಗಲ್ಲಿನ ಹೊಲ, ಕಾರವಾರದ ಬಂದರ

ಈಗ ನಮ್ಮ ನಾಡಿಗೆ ಬರೋಣ. ಇಂಗ್ಲಂಡಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಮೇರಿಕೆಯಿಂದ ಬರುತ್ತಿತ್ತು. ಗುಲಾಮರ ದುಡಿಮೆಯ ಮೇಲೆ ನಿಂತ ಈ ಪೂರೈಕೆ ಎಂದಾದರೊಂದು ದಿನ ಕುಸಿದೀತೆಂಬ ಭಯ ಮ್ಯಾಂಚೆಸ್ಟರಿನವರಿಗಿತ್ತು. ಅದಕ್ಕಾಗಿ ಈಸ್ಟ್ ಇಂಡಿಯಾ ಕಂಪನಿಯು ೧೮೪೦ರಲ್ಲಿ ಅಮೇರಿಕೆಯ ದಕ್ಷಿಣ ಭಾಗದ ಹತ್ತು ಜನ ಬೇಸಾಯಗಾರರನ್ನು ಸಂಬಳ ಕೊಟ್ಟು ಹಿಂದುಸ್ಥಾನಕ್ಕೆ ಕರೆತಂದಿತು. ಅವರಲ್ಲಿ ಮರ್ಸರ್ ಎಂಬವನು ಹುಬ್ಬಳ್ಳಿಯ ಸಮೀಪದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿದನು. ಆಗಿನ ಧಾರವಾಡದ ಕಲೆಕ್ಟರ್ ಶಾ ಎಂಬವನು ನ್ಯೂ ಆರ್ಲಿಯನ್ಸ್ ಬೀಜವನ್ನು ರೈತರಿಗೆ ಹಂಚಿಸಿದನು. ಹಿಂದುಸ್ಥಾನದ ಬೇರೆ ಕಡೆಗಳಲ್ಲಿ ಈ ಪ್ರಯೋಗ ಬಹುಮಟ್ಟಿಗೆ ಮುಗ್ಗರಿಸಿತು. ಧಾರವಾಡದ ಮಣ್ಣಿನಲ್ಲಿ ಮಾತ್ರ ಬೇರೂರಿತು. ಜವಾರಿ ಹತ್ತಿಯನ್ನು ನಮ್ಮ ಹೆಣ್ಣುಮಕ್ಕಳು ಕಲ್ಲಿನ ಮೇಲೆ ಹರವಿ, ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಕಾಳು ತೆಗೆಯುತ್ತಿದ್ದರು. ವಿಲಾಯತಿ ಹತ್ತಿಗೆ ಆ ವಿದ್ಯೆ ಸಾಗದು. ಅದಕ್ಕೆ ಗರಗಸದ ಹಲ್ಲಿನ ಜಿನ್ನುಗಳು ಬಂದವು. ಅವನ್ನು ತಯಾರಿಸಿ ರಿಪೇರಿ ಮಾಡುವ ಸರಕಾರಿ ಕಾರಖಾನೆ ಧಾರವಾಡದಲ್ಲಿಯೇ ತೆರೆಯಿತು. ವಿಟ್ನಿಯ ಯಂತ್ರದ ಮೊಮ್ಮಗು ಹೀಗೆ ಧಾರವಾಡದಲ್ಲಿ ಹುಟ್ಟಿತು.

ಯುದ್ಧ ಆರಂಭವಾದ ಮೇಲೆ ಉತ್ತರದವರ ನೌಕಾಪಡೆ ದಕ್ಷಿಣದ ಬಂದರಗಳನ್ನು ಮುಚ್ಚಿಬಿಟ್ಟಿತು. ಲ್ಯಾಂಕಾಶಾಯರದ ಗಿರಣಿಗಳು ನಿಂತವು. ಲಿವರಪೂಲಿನ ಧಾರಣೆ ನಾಲ್ಕು ಪಟ್ಟಿನವರೆಗೆ ಏರಿತು. ಎಲ್ಲರ ಕಣ್ಣೂ ಮುಂಬಯಿ ಇಲಾಖೆಯ ಮೇಲೆ, ಅದರೊಳಗೂ ಧಾರವಾಡದ ಮೇಲೆ ಬಿದ್ದಿತು. ಹುಬ್ಬಳ್ಳಿಯಿಂದ ಚಕ್ಕಡಿಗಳ ಸಾಲು ಘಟ್ಟದ ಕಡೆಗೆ ಹೊರಟಿತು. ಮ್ಯಾಂಚೆಸ್ಟರಿನವರು ಒಂದು ಕಂಪನಿ ಕಟ್ಟಿ, ಕಾಳೀ ನದಿಯ ದಡದ ಸದಾಶಿವಗಡಕ್ಕೆ ಯಂತ್ರಗಳನ್ನು ಕಳಿಸಿದರು. ರಸ್ತೆಯೇ ಇಲ್ಲದಲ್ಲಿ ಯಂತ್ರಗಳು ಏನು ಮಾಡಬೇಕು? ಆ ಕಂಪನಿ ಬೇಗನೇ ಮುಚ್ಚಿತು.

ಇಲ್ಲಿಯೇ ನಮ್ಮ ರಾಜ್ಯೋತ್ಸವಕ್ಕೆ ಸಂಬಂಧಿಸಿದ ಸಂಗತಿಯೊಂದಿದೆ. ಕಾರವಾರದ ಬಂದರವು ಹತ್ತಿಯ ಸಾಗಾಟಕ್ಕೆ ಒದಗಬೇಕೆಂದರೆ ಅದು ಮದ್ರಾಸು ಸರಕಾರದ ಕೈಯಲ್ಲಿರಬಾರದು, ಹತ್ತಿ ಬೆಳೆಯುವ ಸೀಮೆಯನ್ನಾಳುವ ಮುಂಬಯಿಯ ಕೈಗೆ ಬರಬೇಕು ಎಂದು ವರ್ತಕರು ಒತ್ತಾಯಿಸುತ್ತಿದ್ದರು. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮುಂಬಯಿ ಇಲಾಖೆಗೆ ವರ್ಗಾಯಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲಿಯೇ ಉಳಿಯಿತು. ಈ ವರ್ಗಾವಣೆಯ ಮುಖ್ಯ ಕಾರಣಗಳಲ್ಲಿ ಹತ್ತಿಯೂ ಒಂದು. ಒಂದೇ ಕರಾವಳಿಯ ಜನ ತೊಂಬತ್ತನಾಲ್ಕು ವರ್ಷ, ೧೯೫೬ರ ನವಂಬರ ೧ರ ವರೆಗೆ, ಎರಡು ಸರಕಾರಗಳ ಕೆಳಗೆ ಬದುಕಿದರು. ಹಾಗೆ ಮದ್ರಾಸಿನಲ್ಲುಳಿದ ಜಿಲ್ಲೆಯ ತುದಿಯ ಕಾಸರಗೋಡು ಆ ದಿನವೂ ನಮ್ಮ ಜೊತೆಗೆ ಬರಲಿಲ್ಲ. ಯಾರನ್ನೂ ಕೇಳದೆ ಎಳೆದ ಗೆರೆ ಎಷ್ಟು ಕಾಲ ನೋಯಿಸುತ್ತದೆಂಬುದನ್ನು ಕನ್ನಡಿಗರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಂದರಕ್ಕಾಗಿ ಜಿಲ್ಲೆ ಒಡೆಯಿತು. ಹುಬ್ಬಳ್ಳಿಯಿಂದ ನೇರವಾಗಿ ಆ ಘಟ್ಟವಿಳಿಯುವ ರೈಲು ಮಾತ್ರ ಇಂದಿಗೂ ಮಾತಾಗಿಯೇ ಉಳಿದಿದೆ.

ಆ ಚಕ್ಕಡಿಗಳು ಘಟ್ಟದ ಕಡೆಗೆ ಹೋಗುತ್ತಿದ್ದ ದಾರಿಯಲ್ಲಿ ಯಲ್ಲಾಪುರದ ಕಾಡಿದೆ. ಅಲ್ಲಿಯೂ ಹಳಿಯಾಳ, ಅಂಕೋಲೆಯ ಕಡೆಯೂ ಸಿದ್ದಿಯರು ವಾಸವಾಗಿದ್ದಾರೆ. ಪೋರ್ತುಗೀಜರು ಆಫ್ರಿಕೆಯಿಂದ ಗೋವೆಗೆ ತಂದ ಗುಲಾಮರ ಸಂತತಿ ಅವರು. ಬಿಡುಗಡೆಯಾದವರೂ ತಪ್ಪಿಸಿಕೊಂಡವರೂ ಘಟ್ಟದ ಕಾಡು ಸೇರಿದರು. ಅಮೇರಿಕೆಯ ಗುಲಾಮರ ಹತ್ತಿಗೆ ಬದಲಿಯಾಗಿ ಹೊರಟ ನಮ್ಮ ಹತ್ತಿಯ ಅಂಡಿಗೆಗಳು, ಅದೇ ಆಫ್ರಿಕೆಯಿಂದ ಬಂದ ಗುಲಾಮರ ಮಕ್ಕಳ ಮನೆಯ ಮುಂದೆಯೇ ಹಾದುಹೋಗಿರಬೇಕು. ಭಾರತ ಸರಕಾರವು ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡವೆಂದು ಮನ್ನಿಸಿದ್ದು ೨೦೦೩ರಲ್ಲಿ.

ಹೊನ್ನಿನ ಮಳೆ ನಿಂತಾಗ

ಯುದ್ಧದ ನಾಲ್ಕು ವರ್ಷ ಮುಂಬಯಿಯಲ್ಲಿ ಹೊನ್ನಿನ ಮಳೆ ಸುರಿಯಿತು. ಹತ್ತಿಯಲ್ಲಿ ಮಣ್ಣು, ಕಾಳು, ನೀರು ಬೆರೆಸಿ ತೂಕ ಹೆಚ್ಚಿಸುವ ಕಳ್ಳತನ ಎಷ್ಟು ಬೆಳೆಯಿತೆಂದರೆ ೧೮೬೩ರಲ್ಲಿ ಅದಕ್ಕಾಗಿಯೇ ಒಂದು ಕಾಯಿದೆ ಮಾಡಬೇಕಾಯಿತು. ಸಮುದ್ರವನ್ನು ತುಂಬಿ ಭೂಮಿ ಮಾಡುವ ಬ್ಯಾಕ್‌ಬೇ ಕಂಪನಿಯ ಐದು ಸಾವಿರ ರೂಪಾಯಿಯ ಷೇರು ಅದರ ಹಲವು ಪಟ್ಟಿಗೆ ಮಾರಿತು. ಪ್ರೇಮಚಂದ ರಾಯಚಂದರ ಮಾತೆಂದರೆ ನಾಣ್ಯವೆಂಬಂತಾಗಿತ್ತು. ೧೮೪೦ರಲ್ಲಿ ಸ್ಥಾಪನೆಯಾದ ಬ್ಯಾಂಕ್ ಆಫ್ ಬಾಂಬೆ ಈ ಷೇರುಗಳ ಆಧಾರದ ಮೇಲೆ ಕೈಬಿಚ್ಚಿ ಸಾಲ ಕೊಟ್ಟಿತು. ೧೮೬೫ರ ಏಪ್ರಿಲಿನಲ್ಲಿ ಯುದ್ಧ ಮುಗಿದ ಸುದ್ದಿ ಬಂದದ್ದೇ ತಡ, ಧಾರಣೆ ಬಿದ್ದಿತು. ಅದೇ ಜುಲೈ ೧ರ ವಾಯಿದೆಗೆ ಹಣ ತೆರಲಾರದೆ ಮನೆತನಗಳು ಉರುಳಿದವು. ೧೮೬೮ರಲ್ಲಿ ಆ ಬ್ಯಾಂಕನ್ನೇ ಮುಚ್ಚಿ ಅದೇ ಹೆಸರಿನ ಹೊಸದನ್ನು ತೆರೆದರು. ಆ ಹೊಸದೇ ೧೯೨೧ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ಸೇರಿ, ೧೯೫೫ರಲ್ಲಿ ಸ್ಟೇಟ್ ಬ್ಯಾಂಕ್ ಆಯಿತು.

ಪೇಟೆಯ ಸಾವುಕಾರನು ಬಿದ್ದು ಎದ್ದನು. ರೈತನಿಗೆ ಏಳುವುದು ಕಠಿಣವಾಯಿತು. ಧಾರಣೆ ಏರಿದ್ದಾಗ ಸಾವುಕಾರನು ಧಾರಾಳವಾಗಿ ಕೊಟ್ಟ ಸಾಲ ಉಳಿಯಿತು, ಸರಕಾರದ ಕಂದಾಯ ಏರಿತು, ಬೆಳೆಯ ಬೆಲೆ ಇಳಿಯಿತು. ಪುಣೆ ಮತ್ತು ಅಹಮದನಗರ ಜಿಲ್ಲೆಗಳಲ್ಲಿ ರೈತರು ೧೮೭೫ರಲ್ಲಿ ಎದ್ದು ಸಾವುಕಾರರ ಮನೆಗಳಿಗೆ ನುಗ್ಗಿದರು. ಮೇ ೧೨ರಂದು ಅದು ಮೊದಲಾದದ್ದು ಇದೇ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ. ಅವರು ಮುಖ್ಯವಾಗಿ ಹುಡುಕಿದ್ದು ಹಣವನ್ನಲ್ಲ, ಸಾಲದ ಕಾಗದಗಳನ್ನು, ಸಿಕ್ಕಿದ್ದನ್ನು ಸುಟ್ಟರು. ಮರುವರ್ಷವೇ ನಮ್ಮ ಧಾರವಾಡ, ವಿಜಾಪುರ, ಬಳ್ಳಾರಿಗಳನ್ನು ಸುಟ್ಟ ಬರ ಬಂದಿತು.

ಅತ್ತ ಅಮೇರಿಕೆಯಲ್ಲಿಯೂ ಇದೇ ನಡೆಯಿತು. ೧೮೬೫ರ ಡಿಸೆಂಬರದಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿಯಿತು. ಆದರೆ ಬಿಡುಗಡೆ ಹೊಂದಿದವನಿಗೆ ಹೊಲ ಸಿಗಲಿಲ್ಲ. ಹಳೆಯ ಯಜಮಾನನ ಹೊಲವನ್ನೇ ಪಾಲಿಗೆ ಮಾಡಿ, ಅಂಗಡಿಯವನಲ್ಲಿ ಉದ್ದರಿ ತಂದು, ವರ್ಷ ವರ್ಷ ಸಾಲದಲ್ಲಿ ಮುಳುಗಿದನು. ಮತದ ಹಕ್ಕನ್ನು ಕಾಗದದಲ್ಲಿ ಕೊಟ್ಟು ಕೈಯಿಂದ ಕಿತ್ತುಕೊಂಡರು. ಅದು ನಿಜವಾಗಿ ಮರಳಿ ಬರಲು ೧೯೬೫ರ ಕಾಯಿದೆಯವರೆಗೆ ಕಾಯಬೇಕಾಯಿತು. ಮಿಸಿಸಿಪ್ಪಿಯ ನೀಗ್ರೋ ರೈತನೂ ಸುಪೆಯ ರೈತನೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಆದರೆ ಇಬ್ಬರ ಖಾತೆಯನ್ನೂ ಹತ್ತಿಯ ಧಾರಣೆಯೇ ಬರೆದಿತ್ತು.

ಒಂದು ಮಾತನ್ನು ಇಲ್ಲಿ ಸೇರಿಸದಿದ್ದರೆ ಅನ್ಯಾಯವಾದೀತು. ಎಲ್ಲರೂ ಲಾಭವನ್ನೇ ನೋಡಲಿಲ್ಲ. ಗಿರಣಿ ನಿಂತು ಹೊಟ್ಟೆಗಿಲ್ಲದ ಮ್ಯಾಂಚೆಸ್ಟರಿನ ಕೂಲಿಕಾರರು ೧೮೬೨ರ ಕಡೆಯ ದಿನ ಸಭೆ ಸೇರಿ, ಗುಲಾಮಗಿರಿ ಅಳಿಯಲೆಂದು ಹರಸಿ ಲಿಂಕನ್ನನಿಗೆ ಪತ್ರ ಬರೆದರು. ಹತ್ತಿ ಬರಬೇಕೆಂದಿದ್ದರೆ ಅವರು ದಕ್ಷಿಣದ ಪಕ್ಷ ಹಿಡಿಯಬೇಕಾಗಿತ್ತು.

ಪುಣೆಯ ಒಂದು ಪುಸ್ತಕ

ನಮ್ಮ ಶಿವಾಜಿನಗರದ ಘೋಲೆ ರಸ್ತೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಮಹಾತ್ಮಾ ಫುಲೆಯವರ ಹೆಸರಿದೆ. ಹೊಳೆ ದಾಟಿ ಪೇಟೆಗಳ ಕಡೆ ನಡೆದರೆ ಗಂಜಪೇಟೆಯಲ್ಲಿ ಅವರ ಮನೆಯೂ ಬಾವಿಯೂ ಇವೆ. ೧೮೪೮ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಜೋತೀರಾವ ಫುಲೆಯವರು ೧೮೭೩ರಲ್ಲಿ ಗುಲಾಮಗಿರಿ ಎಂಬ ಹೆಸರಿನ ಪುಸ್ತಕವನ್ನು ಪ್ರಕಟಿಸಿ, ಅದನ್ನು ನೀಗ್ರೋ ಗುಲಾಮರ ಬಿಡುಗಡೆಗಾಗಿ ತ್ಯಾಗ ಮಾಡಿದ ಅಮೇರಿಕೆಯ ಸಜ್ಜನರಿಗೆ ಅರ್ಪಿಸಿದರು. ಅದೇ ವರ್ಷ ಸೆಪ್ಟೆಂಬರ ೨೪ರಂದು ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿದರು. ಅಮೇರಿಕೆಯ ಯುದ್ಧದಿಂದ ಮುಂಬಯಿಯವರು ಹತ್ತಿಯ ಧಾರಣೆಯನ್ನು ಓದಿದರು. ಪುಣೆಯ ಈ ಮನುಷ್ಯ ಅದರಿಂದ ಬೇರೆ ಪಾಠವನ್ನು ಓದಿದರು. ಅಲ್ಲಿ ಬಣ್ಣದಿಂದ ಮಾಡಿದ್ದನ್ನು ನಾವಿಲ್ಲಿ ಹುಟ್ಟಿನಿಂದ ಮಾಡಿದ್ದೇವೆಂಬುದೇ ಅವರ ಪುಸ್ತಕದ ಸಾರ.

ಇದನ್ನು ಓದಿ ಮರಾಠಿ ಮಾತಾಡುವವರ ಊರಿನ ಸಂಗತಿಯೆಂದು ನಾವು ಜಾರಿಕೊಳ್ಳುವಂತಿಲ್ಲ. ೧೮೦೦-೦೧ರಲ್ಲಿ ನಮ್ಮ ಸೀಮೆಗಳಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು, ಕನ್ನಡ ಜಿಲ್ಲೆಯ ಗದ್ದೆಗಳಲ್ಲಿ ಕೂಲಿಯಾಳು, ಮೂಲದಾಳು ಎಂದು ಎರಡು ಬಗೆಯ ದುಡಿಯುವವರಿದ್ದರೆಂದು ಬರೆದಿಟ್ಟಿದ್ದಾನೆ. ಮೂಲದಾಳೆಂದರೆ ಕೊಂಡ ಆಳು. ೧೮೪೩ರ ಕಾಯಿದೆ ಗುಲಾಮಗಿರಿಗಿದ್ದ ನ್ಯಾಯಾಲಯದ ಆಸರೆಯನ್ನು ತೆಗೆದುಹಾಕಿತು. ೧೮೬೦ರ ದಂಡಸಂಹಿತೆ ಮನುಷ್ಯರ ಮಾರಾಟವನ್ನು ಅಪರಾಧವೆಂದಿತು. ಆದರೂ ಜೀತವೆಂಬ ಹೆಸರಿನಿಂದ ಅದು ನಮ್ಮ ಹಳ್ಳಿಗಳಲ್ಲಿ ಉಳಿದು, ಅದನ್ನು ನಿಷೇಧಿಸುವ ಕಾಯಿದೆ ಬಂದದ್ದು ೧೯೭೬ರಲ್ಲಿ. ಅಜ್ಜನ ಕಾಲದ ಹೊಲಮನೆಯ ಬಗ್ಗೆ ಹೆಮ್ಮೆಯಿಂದ ಹೇಳುವಾಗ ಆ ಹೊಲದಲ್ಲಿ ದುಡಿದವನ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ?

ನಮ್ಮ ಜಗಳಗಳೂ ಅವರ ಜಗಳವೂ

ನಮಗೂ ಗಡಿಯ ಜಗಳಗಳಿವೆ, ನದಿಯ ನೀರಿನ ಜಗಳಗಳಿವೆ. ಬೆಳಗಾವಿಯ ಮಾತು ಬಂದಾಗ, ಪುಣೆಯಲ್ಲಿರುವ ನಾವು ಕಚೇರಿಯಲ್ಲಿ ಮರಾಠಿ ಗೆಳೆಯರ ಮುಂದೆ ಮಾತು ಬದಲಿಸುವುದನ್ನು ಕಲಿತಿದ್ದೇವೆ. ಆದರೆ ಈ ಜಗಳಗಳನ್ನು ಅಮೇರಿಕೆಯ ಆ ಜಗಳದೊಡನೆ ಹೋಲಿಸುವುದು ಸರಿಯಲ್ಲ. ನಮ್ಮಲ್ಲಿ ಗೆರೆ ಎಲ್ಲಿ ಬಿದ್ದರೂ ಎರಡೂ ಕಡೆಯ ಮನುಷ್ಯ ನಾಗರಿಕನೇ. ಅವನಿಗೆ ಮತವಿದೆ, ಕೋರ್ಟಿದೆ. ಆದ್ದರಿಂದಲೇ ನಮ್ಮಲ್ಲಿ ಆಯೋಗ, ಮೊಕದ್ದಮೆ, ಮಾತುಕತೆಗಳಿಂದ ಕಾಲ ಸಾಗುತ್ತದೆ, ಸಾಗುವುದೇ ಲೇಸು. ಅಮೇರಿಕೆಯಲ್ಲಿ ಉತ್ತರದವನೂ ದಕ್ಷಿಣದವನೂ ಮೇಜಿನ ಎರಡು ಬದಿಗೆ ಕೂತು ರಾಜಿ ಮಾಡಿಕೊಂಡರು. ಯಾರ ವಿಷಯವಾಗಿ ರಾಜಿಯೋ ಆ ಮೂರನೆಯವನಿಗೆ ಮೇಜಿನ ಬಳಿ ಸ್ಥಳವಿರಲಿಲ್ಲ. ರಾಜಿ ಒಳ್ಳೆಯದೇ. ಆದರೆ ಅದರ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನು ಕೇಳದೆ ಅದಕ್ಕೆ ರುಜು ಹಾಕಬಾರದು.

ನವಂಬರ ಒಂದರಂದು ಧ್ವಜ ಹಾರಿಸಿ ಕನ್ನಡಾಂಬೆಗೆ ಜಯಕಾರ ಹಾಕುವಾಗ, ಒಂದಾದ ನಾಡಿನಲ್ಲಿ ಸಿದ್ದಿಯರ ಹುಡುಗನಿಗೂ, ಮೂಲದಾಳಿನ ಮೊಮ್ಮಗನಿಗೂ, ಪುಣೆಯಲ್ಲಿ ಇಟ್ಟಿಗೆ ಹೊರುವ ನಮ್ಮ ಕಲಬುರ್ಗಿ, ಯಾದಗಿರಿಯ ಕಡೆಯ ಕೂಲಿಯ ಮಕ್ಕಳಿಗೂ ಪಂಕ್ತಿಯಲ್ಲಿ ಎಲೆ ಹಾಕಿದ್ದೇವೆಯೇ ಎಂದು ಒಮ್ಮೆ ತಿರುಗಿ ನೋಡೋಣ. ಅವರು ನಮ್ಮ ಸಂಘದ ಸಭಾಂಗಣಕ್ಕೆ ಬರುವುದಿಲ್ಲವೆಂದರೆ, ನಾವೇ ಅವರಿರುವಲ್ಲಿಗೆ ಹೋಗಿ ಕರೆದು ತರಬಹುದು. ಅಷ್ಟಾದರೆ ನಮ್ಮ ಏಕೀಕರಣದ ಖಾತೆ ನಿಜವಾಗಿ ತಾಳೆಯಾದಂತೆ.